ಖಾಲಿ ಗದ್ದುಗೆ

ನದಿಯ ಹೆಸರು ಹೇಳಿದರೆ ನೀವು ಹೋಗಿ ವಿಚಾರಿಸುತ್ತೀರಿ. ನದಿ ಅಂದುಕೊಳ್ಳಿ, ಸಾಕು. ದಂಡೆಯ ಮೇಲೊಂದು ಮಠ, ಮಠದಲ್ಲೊಬ್ಬ ಸ್ವಾಮಿ, ಊರವರ ಬಾಯಲ್ಲಿ ಅಜ್ಜಾರು.

ಮಲ್ಲಾರಿ ಅವರ ಶಿಷ್ಯ. ಫೋನಿನಲ್ಲಿ ನೋಡುವ ನಗೆಚಿತ್ರಗಳನ್ನು ಬರೆಯುವವನು. ನೋಡುವವರು ನಗುವುದು ಬಿಟ್ಟು ಬಹಳ ದಿನವಾಗಿತ್ತು. ಇಂದು ಸಂಜೆಯ ಚಿತ್ರಕ್ಕೂ ಯಾರೂ ನಗದಿದ್ದರೆ ಇನ್ನು ಕಳಿಸಬೇಡ ಎಂದು ಅಂತರ್ಜಾಲ ಪತ್ರಿಕೆಯವರು ಹೇಳಿಬಿಟ್ಟಿದ್ದರು. ಬೆಳಗಿನಿಂದ ಅವನು ಕೂತಲ್ಲಿ ಕೂತಿರಲಿಲ್ಲ.

ಅಜ್ಜಾರದ್ದು ಒಂದು ಪದ್ಧತಿ. ಫೋನಿಗೆ ಹೋಗುವ ಮೊದಲು ಚಿತ್ರ ಸ್ನಾನಘಟ್ಟದ ಮೆಟ್ಟಿಲಿಗೆ ಹೋಗಬೇಕು. ಮೆಟ್ಟಿಲಿಗೊಂದರಂತೆ, ಇದ್ದಲಿಯಲ್ಲಿ. ಮಿಂದು ಮೇಲೇರುವವರು ಒಂದೊಂದೇ ನೋಡುತ್ತ ಬರುತ್ತಾರೆ. ಅವರು ನಕ್ಕರೆ ಸರಿ.

ಮಲ್ಲಾರಿ ಕೆಳಗಿನಿಂದ ಬರೆಯುತ್ತ ಬಂದ. ಮೊದಲು, ಗದ್ದುಗೆಯ ಮೇಲೆ ಕಣ್ಣು ಮುಚ್ಚಿ ಕೂತ ಸ್ವಾಮಿ, ಮುಂದೆ ಬಾಳೆಹಣ್ಣು. ಆಮೇಲೆ, ಹಣ್ಣು ಕಸಿದು ಮರ ಹತ್ತಿದ ಮಂಗ. ಮೂರನೆಯದರಲ್ಲಿ ಸ್ವಾಮಿಯೂ ಕಚ್ಚೆ ಬಿಗಿದು ಮರ ಹತ್ತಿದ. ನಾಲ್ಕನೆಯದರಲ್ಲಿ ಮಂಗ ಇಳಿದು ಬಂದು ಗದ್ದುಗೆಯ ಮೇಲೆ ಕಣ್ಣು ಮುಚ್ಚಿ ಕೂತಿದೆ, ಭಕ್ತರು ಅಡ್ಡಬಿದ್ದಿದ್ದಾರೆ. ಅಷ್ಟಕ್ಕೂ ಸಮಾಧಾನವಾಗದೆ ಐದನೆಯದರಲ್ಲಿ, ಇದನ್ನೆಲ್ಲ ನೋಡಿ ಹೊಟ್ಟೆ ಹಿಡಿದು ನಗುವವನೊಬ್ಬನನ್ನು ಬರೆದ.

ಒಬ್ಬರು ಮೇಲೇರಿದರು. ಇನ್ನೊಬ್ಬರು ಮೇಲೇರಿದರು. ಮಿಂದು ಅಜ್ಜಾರೂ ಮೇಲೇರಿದರು. ಯಾರೂ ನಗಲಿಲ್ಲ.

"ನಿಮಗೂ ನಗು ಬರಲಿಲ್ಲೇನ್ರಿ, ಅಜ್ಜಾರ?"

"ಬಂದಿತ್ತೋ. ಮ್ಯಾಲ ನೋಡಿದ್ರ ಅಲ್ಲೊಬ್ಬ ಆಗಲೇ ನಗಾಕತ್ತಿದ್ದ. ನಂದೇನು ಕೆಲಸ ಅಂತ ವಾಪಸ್ ಹೋತು."

ಅಜ್ಜಾರು ಒದ್ದೆ ಧೋತರದ ತುದಿಯಿಂದ ನಗುವವನನ್ನು ಒರೆಸಿದರು. ಮಲ್ಲಾರಿ ಬಾಯಿ ತೆರೆಯುವಷ್ಟರಲ್ಲಿ ಗದ್ದುಗೆಯ ಮೇಲಿನ ಮಂಗನನ್ನೂ ಒರೆಸಿದರು. ಖಾಲಿ ಗದ್ದುಗೆ ಉಳಿಯಿತು, ಅಡ್ಡಬಿದ್ದ ಭಕ್ತರು ಉಳಿದರು. ಅದರ ಮೇಲಿನ ಮೆಟ್ಟಿಲ ಮೇಲೆ, ನಗುವವನಿದ್ದ ಜಾಗದಲ್ಲಿ, ತಾವೇ ಕೂತು ಕಣ್ಣು ಮುಚ್ಚಿದರು.

ಊರಿನ ನೀಲವ್ವ ಕೊಡ ಹೊತ್ತು ಬಂದಳು. ಮರ ಹತ್ತಿದ ಸ್ವಾಮಿಯನ್ನು ನೋಡಿದಳು. ಖಾಲಿ ಗದ್ದುಗೆ ನೋಡಿದಳು. ತಲೆಯೆತ್ತಿ ಅಜ್ಜಾರನ್ನು ನೋಡಿದಳು. ನಕ್ಕ ನಗೆಗೆ ಕೊಡದ ನೀರೆಲ್ಲ ಅಜ್ಜಾರ ಮೈಮೇಲೆ. ಎಲ್ಲ ಅಂತ ಮಲ್ಲಾರಿ ಹೇಳುವುದು; ತುಳುಕಿರಬೇಕು, ಅಷ್ಟೇ.

"ಆಕಿ ಗದ್ದುಗೆ ಮ್ಯಾಲಿನ ಮಂಗನ್ನ ನೋಡೇ ಇಲ್ಲಲ್ರಿ. ಮತ್ತ ಯಾತಕ್ಕ ನಕ್ಕಳು?"

ಅಜ್ಜಾರು ಮುಖ ಒರೆಸಿಕೊಂಡರು. "ಆಕೀನ್ನ ಕೇಳು."

ಕೇಳುವ ಧೈರ್ಯ ಅವನಿಗಾಗಲಿಲ್ಲ.

ಸಂಜೆ ಖಾಲಿ ಗದ್ದುಗೆ, ಅಡ್ಡಬಿದ್ದ ಭಕ್ತರು, ಅಷ್ಟನ್ನೇ ಬರೆದು ಕಳಿಸಿದ. ಸಿಗ್ನಲ್ ಸಿಗುವ ಬಂಡೆಗೂ ಮೆಟ್ಟಿಲಿಗೂ ಓಡಾಡಿ ಓಡಾಡಿ ಚಪ್ಪಲಿಯ ಉಂಗುಷ್ಠ ಕಿತ್ತುಹೋಯಿತು.

"ನಕ್ಕರೇನೋ?" ಅಜ್ಜಾರು ಇನ್ನೂ ಅಲ್ಲೇ ಕೂತಿದ್ದರು.

"ಬಿದ್ದು ಬಿದ್ದು ನಗಾಕತ್ತಾರ್ರಿ. ಪತ್ರಿಕೆಯವರು ಮುಂದಿಂದೂ ಕಳಸು ಅಂದ್ರು. ಆದ್ರ ಗದ್ದುಗೆ ಯಾರದು ಅಂತ ಜಗಳ ಹತ್ತೇತಿ. ಒಬ್ಬ ನಮ್ಮ ಎಮ್ಮೆಲ್ಲೆದು ಅಂತಾನ, ಒಬ್ಬಾಕಿ ನನ್ನ ಗಂಡಂದು ಅಂತಾಳ. ಮಂಗಂದು ಅಂತ ಒಬ್ಬರೂ ಅನ್ನವಲ್ರು."

"ಅನ್ನದಿದ್ದರ ನಿನಗೇನು?"

"ನಾ ಬರದದ್ದು ಮಂಗನ್ನರೀ. ಹೇಳಿಬಿಡ್ಲೇನ್ರಿ?"

ಅಜ್ಜಾರು ಸರಿದು, ಖಾಲಿ ಗದ್ದುಗೆಯ ಮೇಲುಗಡೆ ತಾವು ಕೂತಿದ್ದ ಜಾಗ ಖಾಲಿ ಮಾಡಿದರು.

"ಹೇಳು. ಹೇಳಿ ಬಂದು ಇಲ್ಲೇ ಕೂಡು."