ಗಪ್ಪಿಯ ಮರಿ ತಾಯಿಯನ್ನು ತಿರುಗಿ ನೋಡುವುದಿಲ್ಲ ಯಾಕೆ?

“ಅಂತರ... ಅಂತರ ಏನೋ ಅಂತಿದ್ವಲ್ಲ ಇದಕ್ಕ...”

ಸಾವಂತ್ರೆವ್ವ ಬಾಲ್ಕನಿಯ ಬಕೆಟ್ಟಿನೊಳಗೆ ಬಗ್ಗಿ ನೋಡುತ್ತಿದ್ದಳು. ಮೊಮ್ಮಗಳು ಶರ್ವಾಣಿ ನಿನ್ನೆ ಮೀನಿನ ತೊಟ್ಟಿ ತೊಳೆದಾಗ ತೆಗೆದುಹಾಕಿದ ಗಿಡಗಳು ಅದರಲ್ಲಿ ತೇಲುತ್ತಿದ್ದವು. ಮೇಲೆ ಪುಟ್ಟ ಕೋಸಿನ ಹಾಗೆ ಎಲೆ, ಕೆಳಗೆ ಗಡ್ಡದ ಹಾಗೆ ಬೇರು. ಹಾನಗಲ್ಲಿನ ಕೆರೆಯಲ್ಲಿ ತುಂಬಿಕೊಂಡಿರುತ್ತಿದ್ದದ್ದು ಇದೇ. ನಾಗಪುರಕ್ಕೆ ಬಂದು ನಲವತ್ತು ವರ್ಷವಾಗಿತ್ತು. ಗಿಡ ಕಣ್ಣಿಗೆ ಗೊತ್ತು, ಹೆಸರು ಬಾಯಿಗೆ ಬರಲೊಲ್ಲದು.

“ಹಾಂ! ಅಂತರಗಂಗಿ!” ಎಂದಳು ಕೊನೆಗೆ. “ನೆಲಾ ಮುಟ್ಟಲ್ಲ ಇದು, ತೇಲಿಕೊಂತನ ಬದುಕತೈತಿ. ಶರ್ವಾಣೀ, ಇದನ್ನ ಯಾಕ ತಗದಿ?”

“ಕಸ ಕಂಡಂಗ ಕಾಣ್ತಿತ್ತು ಅಜ್ಜಿ,” ಎಂದು ಒಳಗಿನಿಂದ ಉತ್ತರ ಬಂತು. ಮರುಕ್ಷಣವೇ ಚೀರಾಟ. “ಅಜ್ಜೀ! ತಿಂದುಬಿಟ್ಲು! ತನ್ನ ಮರಿ ತಾನ ತಿಂದುಬಿಟ್ಲು!”

ಸಾವಂತ್ರೆವ್ವ ಒಳಗೆ ಹೋದಳು. ಫಳಫಳ ಹೊಳೆಯುವ ತೊಟ್ಟಿಯಲ್ಲಿ ಗಪ್ಪಿ ಮೀನು ಏನೂ ಆಗಿಲ್ಲವೆಂಬಂತೆ ಈಜುತ್ತಿತ್ತು. ಶರ್ವಾಣಿಯ ಒಂದು ಕೈಯಲ್ಲಿ ಜಾಲರಿ, ಇನ್ನೊಂದು ಕೈಯಲ್ಲಿ ಪ್ಲಾಸ್ಟಿಕ್ ಚೀಲ, ಕಣ್ಣ ತುಂಬ ನೀರು.

“ಮೂರು ಮರಿ ಹಾಕಿದ್ಲು. ಮೂರನ್ನೂ ತಿಂದ್ಲು. ರಾಕ್ಷಸಿ ಇಕಿ! ಅಂಗಡಿಗೆ ವಾಪಸ್ ಕೊಟ್ಟು ಬರ್ತೀನಿ.”

“ಕೊಡುವಂತಿ. ಅಂಗಡಿ ತಗಿಯೂದು ಹತ್ತಕ್ಕ. ಅಲ್ಲೀತನಕ ಕೂತ್ಕೊ, ನಿನ್ನ ರಾಕ್ಷಸಿ ಕತಿ ಹೇಳ್ತೀನಿ.”

ಶರ್ವಾಣಿ ಮೂಗೊರೆಸಿಕೊಂಡು ಕೂತಳು. ಜಾಲರಿಯನ್ನು ಮಾತ್ರ ಕೆಳಗಿಡಲಿಲ್ಲ.

ಲೋಕ ಇನ್ನೂ ಹಸಿ ಮಡಕೆಯ ಹಾಗಿದ್ದ ಕಾಲ. ಹಳ್ಳಗಳಿಗೆ ತಮ್ಮ ದಾರಿ ಬಾಯಿಪಾಠವಾಗಿರಲಿಲ್ಲ, ದಿನಕ್ಕೊಂದು ಕಡೆ ಹರಿಯುತ್ತಿದ್ದವು. ಆಗ ಎಲ್ಲ ಮೀನುಗಳೂ ಮೊಟ್ಟೆ ಇಡುತ್ತಿದ್ದವು. ಗಪ್ಪಿಯೂ ಇಡುತ್ತಿದ್ದಳು.

ಮೊದಲ ಸಲ ಇಟ್ಟ ಮೊಟ್ಟೆಯನ್ನು ನೀರು ಕೊಚ್ಚಿಕೊಂಡು ಹೋಯಿತು. ಎರಡನೆಯ ಸಲ ಇಟ್ಟದ್ದನ್ನು ಏಡಿ ತಿಂದಿತು. ಮೂರನೆಯ ಸಲ ದಂಡೆಯ ಹತ್ತಿರ ಇಟ್ಟಳು. ನೀರು ಹಿಂದೆ ಸರಿಯಿತು, ಬಿಸಿಲು ಬಂತು, ಮೊಟ್ಟೆ ಒಣಗಿಹೋಯಿತು.

“ಹಳ್ಳವ್ವಾ, ನನ್ನ ಮಕ್ಕಳನ್ನ ಎಲ್ಲಿಡಲಿ?” ಎಂದು ಗಪ್ಪಿ ಕೇಳಿದಳು.

“ನಾ ಹರಿಯಾಕಿ ತಂಗಿ,” ಎಂದಿತು ಹಳ್ಳ. “ನನ್ನ ಕೈಯಾಗ ಏನೂ ನಿಲ್ಲೂದಿಲ್ಲ. ನಿನ್ನ ಹೊಟ್ಟ್ಯಾಗ ಇಟ್ಕೊ.”

ಕಲ್ಲಿಗೆ ಅಂಟಿಕೊಂಡಿದ್ದ ಬಸವನಹುಳು ನಕ್ಕಿತು. “ಮನೀ ಹೊತ್ಕೊಂಡು ತಿರಗೂ ಸುಖ ನನ್ನ ಕೇಳು! ನಾಳಿಂದ ನೀನೂ ನನ್ನಂಗ ತೆವಳ್ತಿ.”

“ತೆವಳಿದ್ರ ತೆವಳ್ತೀನಿ ಬಿಡು,” ಎಂದಳು ಗಪ್ಪಿ.

ಮೊಟ್ಟೆಗಳು ಹೊಟ್ಟೆಯಲ್ಲೇ ಉಳಿದವು. ನೀರಿಗೆ ಸಿಗಲಿಲ್ಲ, ಏಡಿಗೆ ಸಿಗಲಿಲ್ಲ, ಬಿಸಿಲಿಗೂ ಸಿಗಲಿಲ್ಲ. ಹೊಟ್ಟೆಯೊಳಗೇ ಒಡೆದವು, ಹೊಟ್ಟೆಯೊಳಗೇ ಕಣ್ಣು ಬಿಟ್ಟವು. ತಿಂಗಳು ತುಂಬಿದ ಬೆಳಿಗ್ಗೆ ಮೊದಲ ಮರಿ ಈಜುತ್ತಲೇ ಹೊರಗೆ ಬಂತು.

ಗಪ್ಪಿ ಹಸಿದಿದ್ದಳು. ಕಣ್ಣ ಮುಂದೆ ಏನೋ ಸಣ್ಣದು ಮಿಣಕ್ಕೆಂದಿತು. ಸೊಳ್ಳೆಯ ಮರಿಯೂ ಹಾಗೇ ಮಿಣಕ್ಕೆನ್ನುತ್ತದೆ. ಗಪಕ್ಕನೆ ನುಂಗಿದಳು.

ನುಂಗಿದ ಮೇಲೆ ತಿಳಿಯಿತು.

ಪಾಪ, ಅವಳಿಗೆ ಹೇಗೆ ಗೊತ್ತಾಗಬೇಕು? ತಿಂಗಳು ಹೊತ್ತಿದ್ದಳು, ಆದರೆ ಒಂದು ಮಗುವಿನ ಮುಖವನ್ನೂ ನೋಡಿರಲಿಲ್ಲ. ಆ ದಿನ ಹಳ್ಳದ ನೀರು ಚೂರು ಉಪ್ಪಾಯಿತಂತೆ.

ಹೊಟ್ಟೆಯಲ್ಲಿ ಇನ್ನೂ ಮಕ್ಕಳಿದ್ದವು. ಗಪ್ಪಿ ಉಸಿರು ಬಿಗಿಹಿಡಿದು ಅಂತರಗಂಗೆಯ ಹತ್ತಿರ ಹೋದಳು.

“ಅಕ್ಕಾ, ನನ್ನ ಮಕ್ಕಳನ್ನ ನಿನ್ನ ಬೇರಿನೊಳಗ ಬಚ್ಚಿಡ್ತಿಯೇನ?”

“ಯಾರಿಂದ ಬಚ್ಚಿಡಲಿ? ಏಡಿಯಿಂದ?”

“ಹೂಂ, ಏಡಿಯಿಂದ.”

“ಕಪ್ಪಿಯಿಂದ?”

“ಹೂಂ, ಕಪ್ಪಿಯಿಂದ.”

“ಮತ್ತ ಯಾರಿಂದ?”

ಗಪ್ಪಿ ಬೇರಿನ ಸುತ್ತ ಒಂದು ಸುತ್ತು ಹಾಕಿದಳು. ಆಮೇಲೆ ಹೇಳಿದಳು, “ನನ್ನಿಂದನೂ ಬಚ್ಚಿಡು.”

ಅಂತರಗಂಗೆ ಅವಳನ್ನು ಬೈಯಲಿಲ್ಲ. “ನನಗ ನೆಲಾನ ಇಲ್ಲ ತಂಗಿ. ಏನನ್ನೂ ಹಿಡೀದ ಈ ಬೇರು ನನಗ್ಯಾಕ ಬಂತು ಅಂತ ಇಷ್ಟು ದಿವಸ ಗೊತ್ತಿರಲಿಲ್ಲ. ಕಳಿಸು ನಿನ್ನ ಮಕ್ಕಳನ್ನ,” ಎಂದಿತು.

ಆಗ ಗಪ್ಪಿ ಹೊಟ್ಟೆಯೊಳಗಿನ ಮಕ್ಕಳಿಗೆ ಒಂದೇ ಒಂದು ಪಾಠ ಹೇಳಿಕೊಟ್ಟಳು. “ಹೊರಗ ಬಂದಕೂಡ್ಲೆ ಬೇರಿನ ಕಡೆ ಓಡ್ರಿ. ನನ್ನ ತಿರುಗಿ ನೋಡಬ್ಯಾಡ್ರಿ. ನಾ ಹತ್ರ ಬಂದ್ರ ಇನ್ನೂ ಒಳಗ ಹೋಗ್ರಿ.”

ಮಕ್ಕಳು ಅವ್ವನ ಮಾತು ಕೇಳಿದವು. ಬೇರು ಎಲ್ಲಿದೆ ಎಂದು ನೋಡಿಕೊಳ್ಳಲು ಎಲ್ಲವೂ ಒಟ್ಟಾಗಿ ಬಾಲದ ಹತ್ತಿರ ಬಂದು, ಹೊಟ್ಟೆಯ ತೆಳು ಗೋಡೆಗೆ ಕಣ್ಣು ಹಚ್ಚಿ ಕೂತವು. ಎಷ್ಟೋ ಪುಟ್ಟ ಕರಿ ಕಣ್ಣುಗಳು. ಹೊರಗಿನಿಂದ ನೋಡಿದವರಿಗೆ ಅದು ಕಪ್ಪು ಮಚ್ಚೆಯಂತೆ ಕಂಡಿತು.

ಸಾವಂತ್ರೆವ್ವ ಇಲ್ಲಿಗೆ ಕತೆ ನಿಲ್ಲಿಸಿದಳು. ಶರ್ವಾಣಿ ತೊಟ್ಟಿಯನ್ನೇ ನೋಡುತ್ತಿದ್ದಳು. ಅದರಲ್ಲಿ ಒಂದು ಎಲೆ ಇರಲಿಲ್ಲ, ಒಂದು ಬೇರು ಇರಲಿಲ್ಲ.

“ಅಜ್ಜಿ, ಬೇರು ಇಲ್ಲದಿದ್ರ?”

“ಇಲ್ಲದಿದ್ರ ಎಲ್ಲಿಗೆ ಓಡ್ಯಾವು?”

ಹುಡುಗಿಯ ಮುಖ ಸಣ್ಣದಾಯಿತು. “ನಾ ಚೊಕ್ಕ ಮಾಡೀನಿ ಅಂದ್ಕೊಂಡಿದ್ದೆ,” ಎಂದಳು. ಗಾಜಿಗೆ ಮೂಗು ಒತ್ತಿ ಬಗ್ಗಿ ನೋಡಿದಳು, ಮತ್ತೆ ನೋಡಿದಳು. “ಅಜ್ಜೀ, ಮಚ್ಚಿ ಇನ್ನೂ ಐತಿ! ಒಳಗ ಇನ್ನೂ ಅದಾವ!”

ಜಾಲರಿ ಅಲ್ಲೇ ಬಿತ್ತು. ಹುಡುಗಿ ಬಾಲ್ಕನಿಗೆ ಓಡಿ, ನೀರು ಸುರಿಸುತ್ತಲೇ ಗಿಡಗಳನ್ನು ಬೊಗಸೆಯಲ್ಲಿ ಹೊತ್ತು ತಂದಳು. ತೊಟ್ಟಿಯಲ್ಲಿ ಅವು ಒಂದು ಸುತ್ತು ತಿರುಗಿ ನಿಂತವು. ಬೇರುಗಳು ಮೆಲ್ಲಗೆ ಬಿಚ್ಚಿಕೊಂಡವು.

ಇಬ್ಬರೂ ಕಾದರು. ಅಂಗಡಿ ತೆಗೆಯುವ ಹೊತ್ತಾಯಿತು, ಅದೂ ಮೀರಿತು.

ಗಪ್ಪಿ ಒಮ್ಮೆ ಮೈ ನಡುಗಿಸಿದಳು. ಸುರುಳಿ ಸುತ್ತಿಕೊಂಡ ಚುಕ್ಕಿಯೊಂದು ಹೊರಬಿದ್ದು, ಕೆಳಗಿಳಿದು, ಬಿಚ್ಚಿಕೊಂಡು, ನೆಟ್ಟಗೆ ಮೇಲಕ್ಕೆ ಹಾರಿ ಬೇರಿನೊಳಗೆ ನುಗ್ಗಿತು. ತಾಯಿ ಗರ್ರನೆ ತಿರುಗಿದಳು. ಬೇರನ್ನು ಮೂಸಿದಳು. ಅವಳಿಗೆ ಏನೂ ಸಿಗಲಿಲ್ಲ.

“ತಿರುಗಿ ನೋಡಲೇ ಇಲ್ಲ ಅಜ್ಜಿ ಅದು!” ಎಂದು ಶರ್ವಾಣಿ ಪಿಸುಗುಟ್ಟಿದಳು.

“ಅದಕ್ಕ ನೋಡು, ಇವತ್ತಿಗೂ ಗಪ್ಪಿ ಹೆರೂ ಮುಂದ ಬಾಲದ ಹತ್ರ ಕಪ್ಪು ಮಚ್ಚಿ ಕಾಣತೈತಿ. ಇವತ್ತಿಗೂ ಹುಟ್ಟಿದ ಮರಿ ಅವ್ವನ್ನ ತಿರುಗಿ ನೋಡೂದಿಲ್ಲ, ಬೇರು ಹುಡುಕ್ಕೊಂಡು ಓಡತೈತಿ.”

ಸಾವಂತ್ರೆವ್ವ ಗೋಡೆ ಹಿಡಿದು ಕೂತಳು. “ನನಗ ಹೆಸರು ಮರತು ಹೋಗಾಕತ್ತಾವು. ಪೆನ್ನು ತಗೊಂಬಾ, ಕತಿ ಬರ್ಕೊ. ಅವ್ವ ತಿಂದ್ಲು ಅಂತನೂ ಬರಿ, ಮುಚ್ಚಿಡಬ್ಯಾಡ. ಆದ್ರ ಬಚ್ಚಿಡು ಅಂತ ಕೇಳಿದಾಕಿನೂ ಆಕೀನ ಅಂತ ಬರಿ.”