ಪಾತ್ರೆ ವ್ಯಾಪಾರಿ ಗಾಡಿಯಲ್ಲಿ ಅಡಗಿಸಿದ ಹಾಡು

"ಅಜ್ಜಾರ, ಒಂದು ಮಾತು ಕೇಳಬೇಕಾಗಿತ್ತು," ಎಂದ ಗುರುಪಾದ. ಅವನು ಮಠದಲ್ಲಿ ಓದಲು ಬಂದು ಅಲ್ಲೇ ಉಳಿದುಕೊಂಡ ಶಿಷ್ಯ. "ಶಿವರಾತ್ರಿಯಿಂದ ಯಾರಿಗೂ ಗೊತ್ತಾಗದ ಹಾಗೆ ಒಂದು ಜಪ ಹಿಡಿದಿದ್ದೇನೆ. ಎಲ್ಲರೂ ಏಳುವ ಮೊದಲು ಎದ್ದು ಗದ್ದುಗೆಯ ಹಿಂದೆ ಹೋಗಿ ಕೂರುತ್ತೇನೆ. ಮೊದಮೊದಲು ಏನು ಸುಖ ಇತ್ತು! ಶಿವನ ಮುಂದೆ ನಾನೊಬ್ಬನೇ ಎನ್ನಿಸಿ ಕಣ್ಣು ತುಂಬಿ ಬರುತ್ತಿತ್ತು. ಈಗ ನಾಲಿಗೆ ಆಡುತ್ತದೆ, ಮನಸ್ಸು ಒಣಗಿದೆ. ಆ ರುಚಿ ಎಲ್ಲಿ ಹೋಯಿತು?"

ಮಠದ ಹಿರಿಯರಾದ ಅಜ್ಜಾರು ಕೈಯಲ್ಲಿದ್ದ ವಿಭೂತಿ ಗಟ್ಟಿಯನ್ನು ಕೆಳಗಿಟ್ಟರು. ಕತೆ ಹೇಳುವ ಹುಕಿ ಬಂದರೆ ಅವರು ಕೂತಲ್ಲಿ ಕೂರುವವರಲ್ಲ. ಸರಿದು ಸರಿದು ಕೇಳುವವನ ಮೊಣಕಾಲಿನ ತನಕ ಬಂದುಬಿಡುತ್ತಿದ್ದರು.

"ಕೂತುಕೋ. ಒಬ್ಬ ಪಾತ್ರೆ ವ್ಯಾಪಾರಿ ಇದ್ದ," ಎಂದು ಶುರು ಮಾಡಿದರು.

ತಾಮ್ರ, ಹಿತ್ತಾಳೆ, ಸ್ಟೀಲು, ಎಲ್ಲ ಸಿಗುವ ಅಂಗಡಿ ಅವನದು. ಕಿವಿ ಎಂದರೆ ಅವನ ಕಿವಿ ತಮ್ಮಾ! ಕೊಡವನ್ನು ಬೆರಳಿನ ಗೆಣ್ಣಿನಿಂದ ಒಮ್ಮೆ ಕುಟ್ಟಿದರೆ ಸಾಕು, ಒಳಗೆ ಕೂದಲಷ್ಟು ಸೀಳಿದ್ದರೂ ಹೇಳಿಬಿಡುತ್ತಿದ್ದ. ಅವನ ಹೆಂಡತಿ ಸಾವಂತ್ರವ್ವ. ಗಂಡ ಹೆಂಡತಿ ಚೆನ್ನಾಗಿಯೇ ಇದ್ದರು. ಆದರೆ ಆ ಹೆಣ್ಣುಮಗಳ ಎದೆಯಲ್ಲಿ ಒಂದು ಕೊರಗು ಉಳಿದುಬಿಟ್ಟಿತ್ತು.

ಮದುವೆಯ ದಿನ ಹೆಣ್ಣು ಒಪ್ಪಿಸುವ ಹೊತ್ತಿನಲ್ಲಿ ಅವಳ ತಾಯಿ ಹಾಡಿದ್ದಳು. ಮಗಳು ತಲೆ ತಗ್ಗಿಸಿ ಬಿಕ್ಕುತ್ತಿದ್ದಳು, ಒಂದು ಅಕ್ಷರವೂ ಕಿವಿಗೆ ಬೀಳಲಿಲ್ಲ. ಮರುವರ್ಷವೇ ತಾಯಿ ತೀರಿಕೊಂಡಳು. ಆಮೇಲೆ ಪ್ರತಿ ಪಂಚಮಿಗೆ ತವರಿಗೆ ಹೊರಟಾಗಲೂ ಸಾವಂತ್ರವ್ವ ಅದೇ ಮಾತು ಆಡುತ್ತಿದ್ದಳು. "ನಮ್ಮವ್ವ ನನಗಂತ ಹಾಡಿದ್ಲು. ಊರೆಲ್ಲಾ ಕೇಳ್ತು, ನಾನೊಬ್ಬಾಕಿ ಕೇಳ್ಲಿಲ್ಲ."

ಹೀಗಿರುವಾಗ ಒಂದು ದಿನ ಏನಾಯಿತು ಗೊತ್ತೇ? ಅವರ ಮದುವೆಯ ವಿಡಿಯೋ ತೆಗೆದಿದ್ದ ಸ್ಟುಡಿಯೋದವನು ಅಂಗಡಿ ಮುಚ್ಚಿ ಹಳೆಯ ಸಾಮಾನು ಹೊರಗೆ ಹಾಕುತ್ತಿದ್ದ. ವ್ಯಾಪಾರಿ ದಾರಿಯಲ್ಲಿ ಹೋಗುತ್ತಿದ್ದವನು ನಿಂತ, ರಾಶಿಯಲ್ಲಿ ಕೈಯಾಡಿಸಿದ. ಸಿಕ್ಕಿತು ನೋಡು, ಅವರು ಅಂದು ಒಯ್ಯದೆ ಬಿಟ್ಟಿದ್ದ ಮದುವೆಯ ಕ್ಯಾಸೆಟ್ಟು! ಅವನ ಹೆಸರು, ಸಾವಂತ್ರವ್ವನ ಹೆಸರು, ಮೇಲೊಂದು ಗಣಪತಿಯ ಚಿತ್ರ. ಅಲ್ಲೇ ನಿಂತು ಸ್ಟುಡಿಯೋದವನಿಂದ ಅದರ ಧ್ವನಿಯನ್ನು ಪೆನ್‌ಡ್ರೈವಿಗೆ ಇಳಿಸಿಕೊಂಡ. ಅತ್ತೆಯ ಹಾಡು ಪೂರ್ತಿ ಇತ್ತು.

ಫೋನಿನಲ್ಲಿ ಹಚ್ಚಿ ಕೇಳಿದ. ಡಬ್ಬಿಯೊಳಗೆ ಮುಖ ಇಟ್ಟು ಹಾಡಿದಂತಿತ್ತು. ಅವನ ಹತ್ತಿರ ಎತ್ತರದ ಹೊಸ ಎಸ್‌ಯುವಿ ಇತ್ತು. ಅದರಲ್ಲಿ ಹಚ್ಚಿದ. ಅಲ್ಲೂ ಅಷ್ಟೇ, ಬರಿಯ ಗೊರಗೊರ. ಪಾತ್ರೆ ವ್ಯಾಪಾರಿಯ ಕಿವಿಗೆ ಅದು ಒಪ್ಪಲಿಲ್ಲ. ಆಗ ಅವನ ತಲೆಯಲ್ಲಿ ಒಂದು ವಿಚಾರ ಹೊಳೆಯಿತು. ಹೊಳೆದದ್ದೇ ತಡ, ಕೂತವನು ಎದ್ದ, ಎದ್ದವನು ಕೂತ. ಈ ಪಂಚಮಿಗೆ ಸಾವಂತ್ರವ್ವ ಗಾಡಿ ಹತ್ತಬೇಕು. ತವರೂರಿನ ದಾರಿ ಹಿಡಿಯಬೇಕು. ಆಗ ಇದ್ದಕ್ಕಿದ್ದ ಹಾಗೆ ಅವಳ ತಾಯಿಯೇ ಬಂದು ಪಕ್ಕದಲ್ಲಿ ಕೂತು ಹಾಡಿದಂತೆ ಆಗಬೇಕು!

ಆದರೆ ಹೆಂಡತಿಗೆ ಸುಳಿವು ಸಿಗಬಾರದು. ಧಡಧಡ ಎನ್ನುವ ಸದ್ದಿನ ಗಾಡಿಗಳನ್ನು ಕಂಡರೆ ಅವಳಿಗೆ ಆಗುತ್ತಿರಲಿಲ್ಲ. ಒಂದು ಹೊಸ ಸ್ಪೀಕರ್ ಕಣ್ಣಿಗೆ ಬಿದ್ದರೂ ಇದೇನು ಅದೇನು ಎಂದು ಕೇಳಿ ಬಾಯಿ ಬಿಡಿಸಿಬಿಡುತ್ತಾಳೆ. ಗಾಡಿ ಹೇಗಿದೆಯೋ ಹಾಗೇ ಕಾಣಬೇಕು.

ಬಸ್‌ಸ್ಟ್ಯಾಂಡಿನ ಹತ್ತಿರ ಮಕ್ತುಮಸಾಬ ಅಂತ ಒಬ್ಬ ಇದ್ದ, ಗಾಡಿಗೆ ಸೌಂಡ್ ಸಿಸ್ಟಮ್ ಕೂಡಿಸುವವನು. ಮಹಾ ಬಡಾಯಿಗಾರ. ವ್ಯಾಪಾರಿ ಹೇಳಿದ್ದನ್ನು ಕೇಳಿ ಅವನು ಹಣೆ ಬಡಿದುಕೊಂಡ. "ಏನ್ರೀ ಸಾವುಕಾರ್ರ! ಎಲ್ಲಾರೂ ಕಣ್ಣಿಗೆ ಹೊಡೆಯೂ ಹಂಗ ಕೂಡ್ಸು ಅಂತಾರ, ನೀವು ಕಾಣಬಾರ್ದು ಅಂತೀರಿ. ಹಂಗಾರ ಮಕ್ತುಮನ ಕೆಲಸ ಅಂತ ಯಾರಿಗೆ ಗೊತ್ತಾಗಬೇಕು? ಹಿಂದಿನ ಗಾಜಿಗೆ ನನ್ನ ಅಂಗಡಿ ಸ್ಟಿಕ್ಕರ್ ಆದ್ರೂ ಹಚ್ಚಲೇನ್ರಿ?"

"ಅದೂ ಬ್ಯಾಡ," ಎಂದ ವ್ಯಾಪಾರಿ. ಅಷ್ಟು ಗಟ್ಟಿ ಇದ್ದ ಆಗ!

ಕೆಲಸ ಶುರುವಾಯಿತು. ವ್ಯಾಪಾರಿ ಅಂಗಡಿಯನ್ನು ಆಳುಗಳಿಗೆ ಬಿಟ್ಟು ಮಕ್ತುಮನ ಶೆಡ್ಡಿನಲ್ಲಿ ಸ್ಟೂಲು ಹಾಕಿಕೊಂಡು ಕೂತ. ಸೀಟು ಹೊರಗೆ ಬಂದವು, ಬಾಗಿಲುಗಳ ಒಳಮೈ ಬಿಚ್ಚಿತು. ಸದ್ದು ಅದುರಬಾರದು ಅಂತ ತಗಡಿಗೆಲ್ಲ ಕರಿಯ ಹಾಳೆ ಅಂಟಿಸಿ ರೋಲರಿನಿಂದ ತೀಡಿದರು. ಹಳೆಯ ಜಾಲರಿಯ ಹಿಂದೆಯೇ ಹೊಸ ಸ್ಪೀಕರ್ ಕೂತವು. ದಪ್ಪ ದನಿಯ ಪೆಟ್ಟಿಗೆ ಸೀಟಿನ ಅಡಿಗೆ ಹೋಯಿತು, ಆಂಪ್ಲಿಫೈಯರು ಸ್ಟೆಪ್ನಿಯ ಪಕ್ಕದಲ್ಲಿ ಅಡಗಿತು. ಸಣ್ಣ ದನಿಯ ಎರಡು ಪುಟ್ಟ ಸ್ಪೀಕರುಗಳನ್ನು ಮುಂದಿನ ಗಾಜಿನ ಅಕ್ಕಪಕ್ಕದ ಕಂಬದೊಳಗೆ ಇಟ್ಟು, ಅದೇ ಬಣ್ಣದ ಬಟ್ಟೆ ಎಳೆದು ಮುಚ್ಚಳ ಹಾಕಿದರು. ಒಂದೊಂದು ಒಳಗೆ ಹೋದಾಗಲೂ ವ್ಯಾಪಾರಿ ದೂರ ನಿಂತು ನೋಡುವುದು, ಹತ್ತಿರ ಬಂದು ನೋಡುವುದು, "ಕಾಣಂಗಿಲ್ಲಲೇ ಮಕ್ತುಮ, ಕಾಣಂಗಿಲ್ಲ!" ಎಂದು ಚಪ್ಪಾಳೆ ತಟ್ಟುವುದು.

ಕೊನೆಗೆ ಮಕ್ತುಮ ಒಂದು ಮಾತು ಹೇಳಿದ. "ಈ ಕಂಬದ ಮುಚ್ಚಳ ಕ್ಲಿಪ್ಪಿನ ಮ್ಯಾಲೆ ನಿಂತಾವ್ರಿ. ಪ್ಲಾಸ್ಟಿಕ್ ಕ್ಲಿಪ್ಪು. ಪದೇ ಪದೇ ಕಿತ್ತು ಹಾಕಿದ್ರ ಸಡ್ಲಾಗ್ತಾವ, ಆಮ್ಯಾಲೆ ಸದ್ದಿಗೆ ಅದರ್ತಾವ. ಕೈ ಹಚ್ಚಬ್ಯಾಡ್ರಿ."

"ನಾ ಯಾಕ ಹಚ್ಚಲಿ?" ಎಂದ ವ್ಯಾಪಾರಿ.

ಬಾಗಿಲು ಹಾಕಿಕೊಂಡು ಒಬ್ಬನೇ ಕೂತು ಹಾಡು ಹಚ್ಚಿದ. ಅಬ್ಬಬ್ಬಾ! ಅತ್ತೆಯ ಬಳೆಯ ಸದ್ದು ಎಡಕ್ಕೆ ಕೇಳಿತು. ಯಾವುದೋ ಮುದುಕಿ ಬಲಗಡೆ ಮೂಗು ಒರೆಸಿಕೊಂಡಳು. ನಡುವೆ ಎದುರಿಗೇ ನಿಂತು ಹಾಡಿದ ಹಾಗೆ ಅತ್ತೆಯ ದನಿ. "ಹೊಸ್ತಿಲ ಮೆಲ್ಲಗ ದಾಟ ನನ ಮಗಳ, ಹಿಂದ ನಾ ನಿಂತೀನಿ." ಆ ಸಾಲು ಮುಗಿಸಿ ಅವಳು ಅಳು ನುಂಗಿಕೊಂಡದ್ದೂ ಕೇಳಿತು ತಮ್ಮಾ, ಗಂಟಲಿನಲ್ಲಿ ಗುಟುಕು ಇಳಿದದ್ದು! ವ್ಯಾಪಾರಿಯ ಮೈಮೇಲೆಲ್ಲ ಮುಳ್ಳು ಎದ್ದವು. ಬಾಗಿಲು ತೆರೆದು ಹೊರಗೆ ಹಾರಿದವನು ಗ್ರೀಸು ಮೆತ್ತಿದ ಮಕ್ತುಮನನ್ನು ತಬ್ಬಿಕೊಂಡು ಕುಣಿದುಬಿಟ್ಟ.

ಮರುದಿನ ಸಾವಂತ್ರವ್ವ ಕಾಯಿಪಲ್ಲೆಗೆ ಹೋಗಲು ಗಾಡಿ ಹತ್ತಿದಳು. ಅತ್ತ ನೋಡಿದಳು, ಇತ್ತ ನೋಡಿದಳು. ಏನೂ ತಿಳಿಯಲಿಲ್ಲ. ವ್ಯಾಪಾರಿಗೆ ಒಳಗೊಳಗೇ ನಗು ಉಕ್ಕಿ ಕೆಮ್ಮು ಬಂತು.

ಪಂಚಮಿಗೆ ಇನ್ನೂ ದಿನ ಇದ್ದವು. ಕೆಟ್ಟದ್ದು ಅಲ್ಲೇ ನೋಡು. ಅಷ್ಟು ದೊಡ್ಡ ಸಂತೋಷ ಹೊಟ್ಟೆಯಲ್ಲಿ ನಿಲ್ಲಬೇಕಲ್ಲ! ಒಬ್ಬರಿಗಾದರೂ ಹೇಳದಿದ್ದರೆ ಸತ್ತೇಹೋಗುತ್ತೇನೆ ಎನ್ನಿಸಿತು ಅವನಿಗೆ. ಪಕ್ಕದ ಬಟ್ಟೆ ಅಂಗಡಿಯವನನ್ನು ಕರೆದು ಗಾಡಿಯಲ್ಲಿ ಕೂರಿಸಿದ. ಬೇರೆ ಹಾಡು ಹಚ್ಚಬಹುದಿತ್ತು. ಆದರೆ ಬಳೆ ಎಡಕ್ಕೆ, ದನಿ ನಡುವೆ, ಆ ಗುಟುಕು, ಇಷ್ಟು ಚೆಂದ ಬೇರೆ ಯಾವುದರಲ್ಲಿದೆ? ಅದನ್ನೇ ಹಚ್ಚಿದ.

"ಎಲ್ಲಿಂದ ಬರಾಕತ್ತೇತಿ ಹೇಳ್ರಿ ನೋಡೂಣು!"

ಬಟ್ಟೆ ಅಂಗಡಿಯವನು ಸೀಟು ಮುಟ್ಟಿದ, ಛತ್ತು ಬಡಿದ. ಗೊತ್ತಾಗಲಿಲ್ಲ. ಕಂಬದೊಳಗಿದೆ ಎಂದರೆ ನಂಬಲಿಲ್ಲ. ವ್ಯಾಪಾರಿ ಅಂಗಡಿಗೆ ಓಡಿ ಒಂದು ಸ್ಟೀಲ್ ಚಮಚೆ ತಂದು, ಅದರ ಹಿಡಿಯಿಂದ ಮೀಟಿ ಮುಚ್ಚಳ ಕಿತ್ತು ತೋರಿಸಿದ. "ಛಲೋ ಅದ ಬಿಡ್ರಿ!" ಎಂದ ಬಟ್ಟೆ ಅಂಗಡಿಯವನು.

"ನಿಮಗೊಬ್ಬರಿಗ ತೋರ್ಸೇನಿ. ಪಂಚಮಿ ತನಕ ಯಾರ ಮುಂದೂ ಬಾಯಿ ಬಿಡಬ್ಯಾಡ್ರಿ," ಎಂದ ವ್ಯಾಪಾರಿ.

ಮರುದಿನ ಚಹಾದ ಅಂಗಡಿಯವನು, ಆಮೇಲೆ ವಿಮೆ ಏಜೆಂಟ, ಆಮೇಲೆ ಕೊಡ ಕೊಳ್ಳಲು ಬಂದ ಬೀಗರು. ನಿಮಗೊಬ್ಬರಿಗೇ, ನಿಮಗೊಬ್ಬರಿಗೇ ಎನ್ನುತ್ತ ಆ ಪುಣ್ಯಾತ್ಮ ಇಡೀ ಪೇಟೆಯನ್ನು ಮುಗಿಸಿದ! ಪ್ರತಿ ಸಲ ಅದೇ ಹಾಡು, ಅದೇ ಚಮಚೆ. "ಛಲೋ ಅದ, ಛಲೋ ಅದ" ಎಂದು ಎಲ್ಲರೂ ಬೆನ್ನು ತಟ್ಟಿದರು. ಒಬ್ಬೊಬ್ಬರು ಹೊಗಳಿದಾಗಲೂ ಅವನ ಮುಖ ಅರಳುತ್ತಿತ್ತು. ಪಂಚಮಿಯ ನೆನಪು ಮಾತ್ರ ದಿನದಿನಕ್ಕೆ ಸಣ್ಣದಾಗುತ್ತಿತ್ತು. ಅದು ಅವನಿಗೂ ತಿಳಿಯಲಿಲ್ಲ.

ಪಂಚಮಿ ಬಂತು. ಸಾವಂತ್ರವ್ವ ಹೊಸ ಸೀರೆ ಉಟ್ಟು, ಉಂಡಿಯ ಡಬ್ಬಿಯನ್ನು ಮಡಿಲಲ್ಲಿ ಇಟ್ಟುಕೊಂಡು ಮುಂದಿನ ಸೀಟಿನಲ್ಲಿ ಕೂತಳು. ತವರೂರಿನ ಹಳ್ಳದ ಸೇತುವೆ ಕಂಡಿತು. ವ್ಯಾಪಾರಿ ಗಾಡಿಯನ್ನು ಬದಿಗೆ ನಿಲ್ಲಿಸಿ ಗುಂಡಿ ಒತ್ತಿದ.

ಬಳೆಯ ಸದ್ದು ಬಂತು. ತಾಯಿಯ ದನಿ ಎದ್ದಿತು. ಎದ್ದು ಮೇಲಕ್ಕೆ ಹೋದ ಕೂಡಲೇ ಕಂಬದ ಮುಚ್ಚಳ ಚರ್ರೆಂದು ಅದುರಿತು. ಎಲ್ಲಿ ದನಿ ಏರುತ್ತದೆಯೋ ಅಲ್ಲೆಲ್ಲ ಚರ್ರ್, ಚರ್ರ್. ಅಳು ನುಂಗಿದ ಆ ಗುಟುಕು ಅದರ ಅಡಿಯಲ್ಲಿ ಮುಚ್ಚಿಹೋಯಿತು. ಸೀಳಿದ ಕೊಡವನ್ನು ಗುರುತು ಹಿಡಿಯುವ ಕಿವಿಗೆ ಇದು ತಿಳಿಯದೆ ಇರುತ್ತದೆಯೇ? ವ್ಯಾಪಾರಿ ಸ್ಟೇರಿಂಗ್ ಬಿಗಿ ಹಿಡಿದು ಕೂತ.

ಸಾವಂತ್ರವ್ವ ಕೊನೆಯ ತನಕ ಕೇಳಿದಳು. ಅಳಲಿಲ್ಲ. ಇದು ಎಲ್ಲಿಂದ ಬಂತು ಎಂದೂ ಕೇಳಲಿಲ್ಲ.

ಅವನಿಗೆ ತಡೆಯಲಾಗಲಿಲ್ಲ. "ಯಾರ ದನಿ ಅಂತ ಗೊತ್ತಾತೇನು?"

"ನಮ್ಮವ್ವಂದು," ಎಂದಳು. "ಹೂವಿನ ದುರಗವ್ವ ನಿಮ್ಮ ಅಂಗಡಿ ಮುಂದನ ಕೂಡ್ತಾಳಲ್ಲ? ಮೊನ್ನೆ ನಮ್ಮ ಕಟ್ಟಿಮ್ಯಾಲೆ ಕೂತು ಮಾಲಿ ಕಟ್ಟೂಮುಂದ ಇದನ್ನ ಗುನುಗಾಕತ್ತಿದ್ಲು. ಎದಿ ಝಲ್ ಅಂತು. ಎಲ್ಲಿ ಕಲ್ತಿ ಇದನ್ನ ಅಂತ ಕೇಳಿದೆ. ನಿಮ್ಮ ಯಜಮಾನ್ರು ಗಾಡ್ಯಾಗ ದಿನಾ ಹಚ್ತಾರ್ರಿ, ನಿಮ್ಮವ್ವನ ಹಾಡಂತಲ್ರಿ ಅಂದ್ಲು."

ವ್ಯಾಪಾರಿ ತಲೆ ತಗ್ಗಿಸಿದ.

"ನನಗಂತ ಹಾಡಿದ್ದು ಅದು," ಎಂದಳು ಸಾವಂತ್ರವ್ವ. "ಅವತ್ತೂ ಊರೆಲ್ಲಾ ಕೇಳ್ತು. ಈ ಸಲನೂ ಊರಿಗೆಲ್ಲಾ ಬಡಿಸಿ, ತಳದಾಗ ಉಳದದ್ದು ನನಗ ಹಾಕಿದ್ರಿ."

ಅಜ್ಜಾರು ಇಷ್ಟಕ್ಕೆ ಕತೆ ನಿಲ್ಲಿಸಿದರು. ಗುರುಪಾದನ ಕಣ್ಣಂಚು ಒದ್ದೆಯಾಗಿತ್ತು.

"ಆ ಕ್ಲಿಪ್ಪು ಬದಲಿಸಬಹುದಿತ್ತಲ್ಲ ಅಜ್ಜಾರ?"

"ಬದಲಿಸಿದನಲ್ಲ! ಮಕ್ತುಮ ಬೈಯುತ್ತಲೇ ಹೊಸ ಕ್ಲಿಪ್ಪು ಹಾಕಿಕೊಟ್ಟ. ಅದುರುವುದು ನಿಂತಿತು. ಬಳೆ ಎಡಕ್ಕೆ, ದನಿ ನಡುವೆ, ಗುಟುಕು ಸೈತ ಮೊದಲಿನಂತೆಯೇ ಕೇಳಿತು. ವ್ಯಾಪಾರಿ ಹೆಂಡತಿಯನ್ನು ಕೂರಿಸಿ ಮತ್ತೆ ಹಚ್ಚಿದ. ಅವಳು ಗಂಡನ ಮನಸ್ಸು ನೋಯಬಾರದೆಂದು ಪೂರ್ತಿ ಕೇಳಿ, 'ಛಲೋ ಅದ' ಎಂದಳು. ಬಟ್ಟೆ ಅಂಗಡಿಯವನು ಹೇಳಿದ್ದೂ ಅದನ್ನೇ ಅಲ್ಲವೇ?"

ಗುರುಪಾದ ತಲೆ ಎತ್ತಿದ.

"ಕತೆ ತಿಳಿಯಿತು ಅಜ್ಜಾರ. ಆದರೆ ಅವನು ಊರಿಗೆಲ್ಲ ತೋರಿಸಿದ, ಅದಕ್ಕೇ ಕೆಟ್ಟಿತು. ನನ್ನ ಜಪ ಹಾಗಲ್ಲ. ಅದು ಶಿವನಿಗೂ ನನಗೂ ಬಿಟ್ಟು ಇನ್ನೊಬ್ಬರಿಗೆ ಗೊತ್ತಿಲ್ಲ."

ಅಜ್ಜಾರು ಕೆಳಗಿಟ್ಟಿದ್ದ ವಿಭೂತಿ ಗಟ್ಟಿಯನ್ನು ಮತ್ತೆ ಕೈಗೆ ತೆಗೆದುಕೊಂಡರು.

"ಹೌದೇನು? ಹಾಗಾದರೆ ಮಠಕ್ಕೆ ಹಾಲು ಹಾಕುವ ಬಾಳವ್ವ ಹೋದ ತಿಂಗಳೇ ಬಂದು, 'ನನಗೊಬ್ಬಾಕಿಗೇ ಹೇಳ್ಯಾನ್ರಿ' ಅಂತ ನನ್ನ ಮುಂದೆ ಹೊಗಳಿದ್ದು ಯಾರ ಜಪವನ್ನೋ ತಮ್ಮಾ?"