ರೈಲು ಬಿದ್ದ ಬಾವಿ

ಕಡ್ಲಿಹಾಳದ ಹಳೆಯ ರೈಲ್ವೆ ಕಾಲೊನಿಯನ್ನು ನೋಡಲು ಈಗ ರಜೆಯ ದಿನ ಪಟ್ಟಣದಿಂದ ಜನ ಬರುತ್ತಾರೆ. ಬೆಳಗಿನ ಪ್ಯಾಸೆಂಜರ್ ಗಾಡಿ ಅವರನ್ನು ಇಳಿಸಿ ಹೋಗುತ್ತದೆ, ಸಂಜೆಯದು ಹತ್ತಿಸಿಕೊಂಡು ಹೋಗುತ್ತದೆ. ಕರಿಗಲ್ಲಿನ ನಿಲ್ದಾಣ, ಕೆಂಪು ಹಂಚಿನ ಮನೆಗಳ ಸಾಲು, ಉಗಿ ಎಂಜಿನ್ನಿಗೆ ನೀರು ಕುಡಿಸುತ್ತಿದ್ದ ಕಬ್ಬಿಣದ ಕಂಬ, ಎಲ್ಲವನ್ನೂ ನೋಡಿ ಫೋಟೊ ತೆಗೆದುಕೊಂಡು ಖುಷಿಯಾಗಿಯೇ ಇರುತ್ತಾರೆ. ಪ್ಲಾಟ್‌ಫಾರ್ಮಿನ ತುದಿಯ ಬಾವಿಗೆ ಬಂದಾಗ ಮಾತ್ರ ತಲೆ ಕೆಡುತ್ತದೆ. ಅದರ ಹೆಸರು ರೈಲು ಬಿದ್ದ ಬಾವಿ. ಎರಡು ಮಾರು ಅಗಲವೂ ಇಲ್ಲದ ಈ ಬಾವಿಯಲ್ಲಿ ರೈಲು ಬಿದ್ದದ್ದಾದರೂ ಹೇಗೆ ಎಂದು ಮೊದಲು ಬಗ್ಗಿ ನೋಡುತ್ತಾರೆ, ಆಮೇಲೆ ನನ್ನ ಮುಖ ನೋಡುತ್ತಾರೆ. ಇಲ್ಲಿಯ ರೈಲ್ವೆ ಶಾಲೆಯಲ್ಲಿ ಮೂವತ್ತು ವರ್ಷ ಪಾಠ ಹೇಳಿದವನು ನಾನು. ವಿವರಿಸಬಲ್ಲೆ. ಆದರೆ ವಿವರಿಸಿ ಮುಗಿಸುವಷ್ಟರಲ್ಲಿ ನನಗೇ ಗೊಂದಲವಾಗುತ್ತದೆ ಎಂಬುದನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ.

ಹಿಂದೆ ಒಮ್ಮೆ, ಇಲ್ಲಿ ಒಂಟಿ ಹಳಿ ಇದ್ದ ಕಾಲದಲ್ಲಿ, ಎರಡು ಗಾಡಿಗಳು ಎದುರುಬದುರಾಗದಂತೆ ಒಂದು ಉಪಾಯ ಮಾಡಿದ್ದರು. ಹೊರಡುವ ಡ್ರೈವರನ ಕೈಗೆ ಒಂದು ಕಬ್ಬಿಣದ ಗುಂಡು ಕೊಡುವುದು. ಮುಂದಿನ ನಿಲ್ದಾಣದಲ್ಲಿ ಅವನು ಅದನ್ನು ಒಪ್ಪಿಸಬೇಕು, ಅಲ್ಲಿಯ ಸ್ಟೇಷನ್ ಮಾಸ್ತರರು ಅದನ್ನು ಯಂತ್ರದೊಳಗೆ ಹಾಕಬೇಕು. ಹಾಕಿದ ಮೇಲಷ್ಟೇ ಯಂತ್ರವು ಎದುರಿನ ಗಾಡಿಗೆ ಬೇರೆ ಗುಂಡು ಕೊಡುತ್ತಿತ್ತು. ಗುಂಡಿಲ್ಲದೆ ಯಾವ ಗಾಡಿಯೂ ಹೊರಡುವಂತಿರಲಿಲ್ಲ. ಗಾಡಿಯಿಂದ ಎಸೆದ ಗುಂಡಿನ ಚೀಲವನ್ನು ಹಿಡಿಯುವ ಕೆಲಸ ದುರಗಪ್ಪನೆಂಬ ಪಾಯಿಂಟ್ಸ್‌ಮನ್‌ನದು. ಒಂದು ಮಧ್ಯಾಹ್ನ ಅವನ ಮಗಳು ಮಾರೆವ್ವ ಹೆರಿಗೆ ನೋವಿನಿಂದ, ಜಂಕ್ಷನ್ನಿಗೆ ಹೊರಡಲು ಇಲ್ಲಿ ಕಾದು ನಿಂತಿದ್ದ ಪ್ಯಾಸೆಂಜರ್ ಗಾಡಿಯಲ್ಲಿ ಮಲಗಿದ್ದಳು. ಎರಡು ದಿನ ಒದ್ದಾಡಿದ ಸೂಲಗಿತ್ತಿ ಕೈಚೆಲ್ಲಿದ್ದಳು. ಜಂಕ್ಷನ್ನಿನ ಆಸ್ಪತ್ರೆ ಮುಟ್ಟಿದರೆ ಉಂಟು, ಇಲ್ಲವಾದರೆ ಇಲ್ಲ. ಎದುರಿನಿಂದ ಗೂಡ್ಸ್ ಗಾಡಿ ಬಂತು. ಡ್ರೈವರ್ ರೂಢಿಯಂತೆ ಚೀಲ ಎಸೆದ. ಇಪ್ಪತ್ತು ವರ್ಷದಲ್ಲಿ ಒಮ್ಮೆಯೂ ತಪ್ಪದ ದುರಗಪ್ಪ ಆ ಗಳಿಗೆಗೆ ಮಗಳ ನರಳಾಟ ಕೇಳಿ ತಿರುಗಿಬಿಟ್ಟ. ಚೀಲ ನೆಲಕ್ಕೆ ಬಡಿದು ಬಾಯಿ ಬಿಚ್ಚಿತು, ಗುಂಡು ಉರುಳಿ ಬಾವಿಗೆ ಬಿತ್ತು.

ಸ್ಟೇಷನ್ ಮಾಸ್ತರ ಆರೋಗ್ಯಸ್ವಾಮಿಯವರು ಒಳ್ಳೆಯವರು, ಆದರೆ ನಿಯಮದ ಮನುಷ್ಯ. ಜಂಕ್ಷನ್ನಿನಿಂದ ಮೇಲಧಿಕಾರಿ ಬಂದು ಯಂತ್ರ ಬಿಚ್ಚುವವರೆಗೆ ಪ್ಯಾಸೆಂಜರ್ ಅಲುಗುವಂತಿಲ್ಲ ಎಂದರು. ಅಷ್ಟರಲ್ಲಿ ಸಂಜೆಯಾಗುತ್ತದೆ.

"ಗೂಡ್ಸ್ ಕಣ್ಣೆದುರಿಗೇ ನಿಂತೈತಲ್ರೀ ಸಾಹೇಬ್ರ! ದಾರಿ ಖಾಲಿ ಐತಿ, ಬಿಡ್ರೀ!" ಎಂದು ದುರಗಪ್ಪ ಗೋಗರೆದ.

"ನನಗೆ ಕಾಣುತ್ತೆ ದುರಗಪ್ಪ, ಯಂತ್ರಕ್ಕೆ ಕಾಣೋದಿಲ್ಲ. ಗುಂಡು ಬಾವಿಯಲ್ಲಿದ್ದರೆ ಗಾಡಿ ಬಾವಿಯಲ್ಲೇ ಇದ್ದ ಹಾಗೆ."

ದುರಗಪ್ಪನ ಹೆಂಡತಿ ಯಂಕವ್ವ ಓಡಿ ಬಂದಾಗ ಅವಳ ಕಿವಿಗೆ ಬಿದ್ದದ್ದು ಈ ಕೊನೆಯ ಮಾತಷ್ಟೇ. ಅವಳು ನಿಂತ ಗೂಡ್ಸನ್ನು ನೋಡಿದಳು, ಬಾವಿಯನ್ನು ನೋಡಿದಳು. ಪಾಪ, ಅವಳಿಗೆ ಏನೊಂದೂ ಅರ್ಥವಾಗಲಿಲ್ಲ ಎನ್ನುತ್ತಾರೆ.

"ಅದನ್ನ ಮ್ಯಾಲೆ ತಂದ್ರ ನನ್ನ ಮಗಳ ಗಾಡಿ ಹೋಗತೈತೇನ್ರೀ?"

"ಹೋಗುತ್ತೆ ತಾಯಿ."

ಅವಳಿಗೆ ಅಷ್ಟು ಸಾಕಾಗಿತ್ತು. ಅವಳು ವಡ್ಡರ ಮನೆಯ ಹೆಣ್ಣು. ಹಳಿ ಹಾಕುವ ಕಾಲಕ್ಕೆ ಅಪ್ಪನ ಜೊತೆ ಈ ಬಾವಿಯ ಮಣ್ಣು ಹೊತ್ತವಳು. ಕಚ್ಚೆ ಬಿಗಿದು ಧುಮುಕಿದಳು. ಮೊದಲ ಸಲ ಯಾರದೋ ತಾಮ್ರದ ಬಿಂದಿಗೆ ತಂದಳು. ಎರಡನೆಯ ಸಲ ಒಂದು ದುಂಡು ಕಲ್ಲು. ಮೂರನೆಯ ಸಲ ಮುಳುಗಿದವಳು ಎಷ್ಟು ಹೊತ್ತಾದರೂ ಏಳಲಿಲ್ಲ, ನೀರಿನ ಗುಳ್ಳೆಗಳೂ ನಿಂತವು. ಆಮೇಲೆ ಗುಂಡನ್ನು ಎದೆಗವಚಿಕೊಂಡು ಎದ್ದಳು. ಎರಡೂ ಕಿವಿಗಳಿಂದ ರಕ್ತ ಸೋರುತ್ತಿತ್ತು. ಮಾಸ್ತರರು ಗುಂಡನ್ನು ಯಂತ್ರಕ್ಕೆ ಹಾಕಿದರು, ಇನ್ನೊಂದು ಹೊರಬಂತು, ದುರಗಪ್ಪ ಮಗಳ ಬಳಿ ಹತ್ತಿ ಕೂತ, ಗಾಡಿ ಕೂಗಿ ಹೊರಟಿತು.

ಯಂಕವ್ವ ಬಾವಿಯ ದಂಡೆಯಲ್ಲಿ ಕಣ್ಣುಮುಚ್ಚಿ ಬಿದ್ದಿದ್ದಳು. ಎಚ್ಚರವಾದಾಗ ಪ್ಲಾಟ್‌ಫಾರ್ಮು ಬರಿದಾಗಿತ್ತು. ಗಾಡಿ ಕೂಗಿದ್ದು ಅವಳಿಗೆ ಕೇಳಿರಲಿಲ್ಲ. "ಈ ಗಾಡೀನೂ ಬಾವ್ಯಾಗ ಹೋತೇನು?" ಎಂದವಳೇ ಮತ್ತೆ ಧುಮುಕಲು ಎದ್ದಳು. ನಾಲ್ಕು ಜನ ಹಿಡಿದುಕೊಳ್ಳಬೇಕಾಯಿತು. ಎಲ್ಲರೂ ಕಿರುಚಿ ಹೇಳಿದರು. ಅವಳು ಎಲ್ಲರ ಬಾಯಿ ಅಲ್ಲಾಡುವುದನ್ನು ಗಾಬರಿಯಿಂದ ನೋಡಿದಳು. ಎರಡು ತಾಸಿನ ಮೇಲೆ ಜಂಕ್ಷನ್ನಿನಿಂದ ತಾಯಿ, ಕೂಸು ಇಬ್ಬರೂ ಕ್ಷೇಮ ಎಂದು ತಂತಿ ಬಂತು. ಆರೋಗ್ಯಸ್ವಾಮಿಯವರು ಕಾಗದ ಹಿಡಿದು ಓಡಿ ಬಂದರು. ಅವಳಿಗೆ ಓದು ಬಾರದು, ಮಾತು ಕೇಳದು. ಅವರು ಕಂಕುಳಲ್ಲಿದ್ದ ಹಸಿರು ಬಾವುಟವನ್ನು ಸುತ್ತಿ, ಕೂಸಿನ ಹಾಗೆ ತೋಳಲ್ಲಿಟ್ಟು ತೂಗಿ ತೋರಿಸಿದರು. ಯಂಕವ್ವ ಬಹಳ ಹೊತ್ತು ನೋಡಿದಳು. ಆಮೇಲೆ ಎರಡೂ ಕೈ ಚಾಚಿ ಆ ಬಾವುಟವನ್ನು ಇಸಿದುಕೊಂಡು ಅತ್ತಳು ಎನ್ನುತ್ತಾರೆ.

ಈಗ ಜೋಡಿ ಹಳಿ ಬಂದಿದೆ, ಗುಂಡಿನ ಯಂತ್ರ ಇಲ್ಲ. ಬಾವಿಗೆ ಕಬ್ಬಿಣದ ಜಾಲರಿ ಹಾಕಿದ್ದಾರೆ. ಆದರೆ ಮಗಳನ್ನು ಹೆರಿಗೆಗೆ ಕಳಿಸಿದ ತಾಯಂದಿರು ಇಂದಿಗೂ ಇಲ್ಲಿಗೆ ಬರುವುದನ್ನು ನೋಡಬಹುದು. ಯಾರೂ ಬಾಯಿಬಿಟ್ಟು ಬೇಡಿಕೊಳ್ಳುವುದಿಲ್ಲ, ಯಂಕವ್ವನಿಗೆ ಕೇಳಿಸುವುದಿಲ್ಲವಲ್ಲ. ಬಾವಿಯ ಮುಂದೆ ನಿಂತು ಬರಿದಾದ ತೋಳುಗಳನ್ನು ತೂಗಿ ತೋರಿಸಿ ಹೋಗುತ್ತಾರೆ.